ಕ್ಯಾಥೊಲಿಕ್ ಕಾಲೇಜಿನಲ್ಲಿ ಕೌನ್ಸೆಲರ್ ಕೆಲಸ: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ

"ಎಂ.ಎ. ಸೈಕಾಲಜಿ ಮುಗಿಸಿದ್ದೇನೆ. ಹತ್ತಿರದ ಕ್ಯಾಥೊಲಿಕ್ ಕಾಲೇಜಿನಲ್ಲಿ ಕೌನ್ಸೆಲರ್ ಬೇಕು ಅಂತ ಜಾಹೀರಾತು ಬಂದಿದೆ. ಅರ್ಜಿ ಹಾಕಲಾ?"

ಡೊಂಬಿವಲಿಯಿಂದ, ಪಿಂಪ್ರಿಯಿಂದ, ವಾಸ್ಕೋದಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅದರ ಹಿಂದೆಯೇ ಇನ್ನೂ ಮೂರು. ನಾನು ಕ್ರೈಸ್ತಳಲ್ಲ, ತಗೊಳ್ತಾರಾ? ದಿನಾ ಪ್ರಾರ್ಥನೆ ಮಾಡಬೇಕಾ? ಮದುವೆಯಾಗದ ಹುಡುಗಿ ಗರ್ಭಿಣಿ ಅಂತ ಬಂದು ಎದುರು ಕೂತರೆ ಏನು ಹೇಳಲಿ?

ಮೊದಲೆರಡಕ್ಕೆ ಉತ್ತರ ಸುಲಭ. ಕ್ರೈಸ್ತರಲ್ಲದವರನ್ನೂ ತಗೊಳ್ತಾರೆ. ಸಭೆಯಲ್ಲಿ ಪ್ರಾರ್ಥನೆ ನಡೆಯುವಾಗ ಸುಮ್ನೆ ಎದ್ದು ನಿಂತರೆ ಸಾಕು. ಮೂರನೆಯದಕ್ಕೆ ನೀವು ಆರನೇ ಹಂತದವರೆಗೆ ಓದಬೇಕು. ನಾನು ಕಂಡಂತೆ ಈ ಕೆಲಸ ಕೆಡುವುದು ಧರ್ಮದ ವಿಚಾರಕ್ಕಲ್ಲ. ಕೀಲಿ ಯಾರ ಹತ್ತಿರ, ಫೈಲು ಯಾರದ್ದು, ವರದಿ ಯಾರಿಗೆ ಅನ್ನುವುದನ್ನು ಸೇರುವ ಮೊದಲು ಬರೆಸಿಕೊಳ್ಳದೆ ಇರುವುದಕ್ಕೆ ಕೆಡುತ್ತದೆ. ಹಾಗಾಗಿ ಬೇರೆ ಏನು ಬಿಟ್ಟರೂ ನಾಲ್ಕನೇ ಹಂತವನ್ನು ಬಿಡಬೇಡಿ.

ಕಾಲೇಜುಗಳು ಈಗ ಕೌನ್ಸೆಲರ್ ಹುಡುಕುವುದಕ್ಕೆ ಒಂದು ಕಾರಣ ಕೋರ್ಟು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರಾದರೂ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿತು. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ. ಸಂದರ್ಶನದಲ್ಲಿ ಈ ತೀರ್ಪು ನೆನಪಿರಲಿ. ನಿಮ್ಮನ್ನು ತೆಗೆದುಕೊಳ್ಳುವುದು ಅವರು ನಿಮಗೆ ಮಾಡುವ ಉಪಕಾರ ಅಲ್ಲ.

1. ಹೆಸರಿನ ಪಕ್ಕ ಏನು ಬರೆದುಕೊಳ್ಳಬಹುದು

ಇಲ್ಲಿ ತುಂಬಾ ಜನ ಎಡವುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಓದಿ ಮನೋರೋಗದಲ್ಲಿ ಮೇಲಿನ ಪದವಿ ಪಡೆದ ಡಾಕ್ಟರ್. ಮಾತ್ರೆ ಬರೆಯುವ ಅಧಿಕಾರ ಅವರದ್ದು, ನಿಮ್ಮದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿ, ಒಪ್ಪಿದ ಕೋರ್ಸ್ ಮುಗಿಸಿ ಅದರ ರಿಜಿಸ್ಟರ್‌ನಲ್ಲಿ ಹೆಸರು ಇರುವವರು. ಅವರಿಗೆ ಒಂದು ಸಿಆರ್‌ಆರ್ ನಂಬರ್ ಇರುತ್ತದೆ. ಅದಿಲ್ಲದೆ ಬರಿ ಎಂ.ಎ. ಮಾಡಿದವರು ಬಾಗಿಲ ಮೇಲೆ "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬೋರ್ಡ್ ಹಾಕಿಸುವಂತಿಲ್ಲ. ಕಾಲೇಜಿನವರು ಗೊತ್ತಿಲ್ಲದೆ ಹಾಕಿಸಿದರೂ ತೆಗೆಸಿ. ನಾಳೆ ತೊಂದರೆಯಾದಾಗ ಪ್ರಶ್ನೆ ಬರುವುದು ನಿಮಗೆ, ಬೋರ್ಡ್ ಬರೆದವನಿಗಲ್ಲ.

ಕಾಲೇಜಿನ ಕೌನ್ಸೆಲರ್ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಕೌನ್ಸೆಲಿಂಗ್ ಅಥವಾ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಎ., ಇಲ್ಲವೇ ಎಂ.ಎಸ್.ಡಬ್ಲ್ಯೂ., ಜೊತೆಗೆ ಸ್ವಲ್ಪ ಅನುಭವ. ಪಾಠ ಮಾಡುವ ಹುದ್ದೆ ಅಲ್ಲವಾದ್ದರಿಂದ ನೆಟ್, ಸೆಟ್ ಪರೀಕ್ಷೆಯ ಚಿಂತೆ ಸಾಮಾನ್ಯವಾಗಿ ಬೇಡ.

ಇನ್ನೂ ಓದಬೇಕು ಅಂದುಕೊಂಡವರಿಗೆ ಎರಡು ಎಚ್ಚರಿಕೆ. ಎಂ.ಫಿಲ್. ಪದವಿಯನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರವರೆಗೆ ಪ್ರವೇಶಕ್ಕೆ ಬಿಟ್ಟಿತ್ತು. ಆರ್‌ಸಿಐ ಈಗ ಬೇರೆ ಕೋರ್ಸ್‌ಗಳನ್ನು ತಂದಿದೆ, ಯಾವ ಕಾಲೇಜಿಗೆ ಒಪ್ಪಿಗೆ ಇದೆ ಅಂತ ಅವರ ಪಟ್ಟಿಯಲ್ಲೇ ನೋಡಿ, ಏಜೆಂಟ್ ಮಾತು ನಂಬಬೇಡಿ. ಎರಡನೆಯದು, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡಬಾರದು ಎಂದು ಯುಜಿಸಿ ಹೇಳಿದೆ. "ಮನೆಯಲ್ಲೇ ಕೂತು ಎಂ.ಎ. ಸೈಕಾಲಜಿ" ಅನ್ನುವ ಜಾಹೀರಾತು ಕಂಡರೆ ಮೊದಲು ತಾರೀಖು ನೋಡಿ.

2. ಯಾರ ಕಾಲೇಜು ಅಂತ ತಿಳ್ಕೊಳ್ಳಿ

ಕ್ಯಾಥೊಲಿಕ್ ಕಾಲೇಜು ಅಂದರೆ ಎಲ್ಲವೂ ಒಂದೇ ಆಡಳಿತ ಅಂತ ನಾವು ಹೊರಗಿನವರು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಮುಂಬೈಯ ಸೇಂಟ್ ಝೇವಿಯರ್ಸ್ 1869ರಲ್ಲಿ ಶುರುವಾದದ್ದು, ಜೆಸ್ವಿಟ್ ಎಂಬ ಪಾದ್ರಿಗಳ ಸಂಘದ್ದು. ಸೋಫಿಯಾ ಕಾಲೇಜು ಸಿಸ್ಟರ್‌ಗಳದ್ದು. ಬಾಂದ್ರಾದ ಸೇಂಟ್ ಆಂಡ್ರ್ಯೂಸ್ ಮುಂಬೈ ಮಹಾಧರ್ಮಪ್ರಾಂತದ್ದು, ಅಂದರೆ ಆರ್ಚ್‌ಬಿಷಪ್ಪರ ಕೈಕೆಳಗಿನದ್ದು. ಕುರ್ಲಾದ ಡಾನ್ ಬಾಸ್ಕೊ ಎಂಜಿನಿಯರಿಂಗ್ ಕಾಲೇಜು ಸಲೇಶಿಯನ್ ಪಾದ್ರಿಗಳದ್ದು. ಗೋವಾದ ನುವೆಂನಲ್ಲಿರುವ ಕಾರ್ಮೆಲ್ ಮಹಿಳಾ ಕಾಲೇಜನ್ನು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳಿಗೂ ನಮ್ಮ ಮಂಗಳೂರಿಗೂ ಹಳೆಯ ನಂಟು. ಪುಣೆ ಕಡೆ ವಿಶ್ವವಿದ್ಯಾಲಯವೇ ಬೇಕು ಅಂದರೆ ಬೆಂಗಳೂರಿನ ಕ್ರೈಸ್ಟ್‌ನ ಕ್ಯಾಂಪಸ್ ಲವಾಸಾದಲ್ಲಿದೆ. ಮುಂಬೈ, ಗೋವಾದಲ್ಲಿ ನೀವು ನೋಡುವ ಹೆಚ್ಚಿನವು ಅಲ್ಲಲ್ಲಿಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು.

ಇದನ್ನೆಲ್ಲ ತಿಳಿದು ಏನು ಉಪಯೋಗ? ಮೇಲಿನವರು ಯಾರು ಅಂತ ಗೊತ್ತಾಗುತ್ತದೆ. ಪ್ರಿನ್ಸಿಪಾಲ್ ಮೇಲೆ ರೆಕ್ಟರ್ ಇರಬಹುದು, ರೆಕ್ಟರ್ ಮೇಲೆ ಪ್ರೊವಿನ್ಶಿಯಲ್. ರೆಕ್ಟರ್ ಅಂದರೆ ಆ ಕ್ಯಾಂಪಸ್ಸಿನ ಪಾದ್ರಿಗಳ ಹಿರಿಯ, ಪ್ರೊವಿನ್ಶಿಯಲ್ ಅಂದರೆ ಇಡೀ ಪ್ರಾಂತಕ್ಕೆ ಹಿರಿಯ. ವರ್ಗಾವಣೆ ಮಾಡುವವರು ಈ ಪ್ರೊವಿನ್ಶಿಯಲ್. ಫಾದರ್, ಸಿಸ್ಟರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ಬದಲಾವಣೆ ಇದ್ದದ್ದೇ. "ನೀವು ಚಿಂತೆ ಮಾಡಬೇಡಿ, ನಾನಿದ್ದೇನಲ್ಲ" ಅಂದ ಫಾದರ್ ಮುಂದಿನ ಜೂನ್‌ಗೆ ಬೇರೆ ಊರಿನಲ್ಲಿರುತ್ತಾರೆ. ಅವರ ಬಾಯಿಮಾತೂ ಅವರ ಜೊತೆಗೇ ಬಸ್ ಹತ್ತುತ್ತದೆ.

ಇನ್ನೊಂದು ವಿಷಯ. ಮುಂಬೈಯ ಈ ಕಾಲೇಜುಗಳಲ್ಲಿ ಕೂತಿರುವವರು ಹಿಂದೂ, ಮುಸ್ಲಿಂ, ಜೈನ, ಬೌದ್ಧ, ಪಾರ್ಸಿ ಎಲ್ಲರೂ. ನಿಮ್ಮ ಬಾಗಿಲು ತಟ್ಟುವ ಹುಡುಗಿಗೆ ಚರ್ಚಿನ ಸಂಬಂಧವೇ ಇಲ್ಲದಿರಬಹುದು.

3. ಅರ್ಜಿ, ಸಂದರ್ಶನ

ಅಂಕಪಟ್ಟಿ, ಅನುಭವ ಪತ್ರ, ಇಂಟರ್ನ್‌ಶಿಪ್‌ನಲ್ಲಿ ಎಷ್ಟು ಗಂಟೆ ಕೌನ್ಸೆಲಿಂಗ್ ಮಾಡಿದ್ದೀರಿ ಅನ್ನುವ ಲೆಕ್ಕ, ಸೂಪರ್‌ವೈಸರ್ ಕೊಟ್ಟ ಪತ್ರ. ಇಷ್ಟು ಇದ್ದರೆ ಸಾಕು. ಕೆಲವು ಕಡೆ ಪೊಲೀಸ್ ಪರಿಶೀಲನೆ ಪತ್ರವನ್ನೂ ಕೇಳುತ್ತಾರೆ. ಕೇಳಿದರೆ ಬೇಜಾರಾಗಬೇಡಿ, ಒಳ್ಳೆಯ ಲಕ್ಷಣ ಅದು.

"ನಮ್ಮ ಸಂಸ್ಥೆಯ ಮೌಲ್ಯಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅಂತ ಕೇಳೇ ಕೇಳುತ್ತಾರೆ. ಬೈಬಲ್ ವಾಕ್ಯ ಬಾಯಿಪಾಠ ಮಾಡಿ ಹೋಗಬೇಡಿ, ನಗೆಪಾಟಲಾಗುತ್ತದೆ. ಜೆಸ್ವಿಟ್ ಕಾಲೇಜಾದರೆ 'ಕುರಾ ಪರ್ಸೊನಾಲಿಸ್' ಅನ್ನುವ ಲ್ಯಾಟಿನ್ ಮಾತು ಗೋಡೆಯ ಮೇಲೆ ಇದ್ದೀತು. ವಿದ್ಯಾರ್ಥಿಯ ಅಂಕ ಮಾತ್ರ ಅಲ್ಲ, ಇಡೀ ಮನುಷ್ಯನ ಕಾಳಜಿ ಅಂತ ಅದರ ಅರ್ಥ. ನಿಮ್ಮ ಕೆಲಸವೂ ಅದೇ ಅಲ್ವಾ? ಹಾಗೆಂದು ಹೇಳಿ.

4. ಸೇರುವ ಮೊದಲು ಕಾಗದದ ಮೇಲೆ ಬರೆಸಿ

ನನ್ನ ಮೊದಲ ಕೆಲಸದಲ್ಲಿ ಫೈಲಿನ ಕಪಾಟಿಗೆ ಎರಡು ಕೀಲಿ. ಒಂದು ನನ್ನ ಬ್ಯಾಗಿನಲ್ಲಿ. ಇನ್ನೊಂದು ಕಚೇರಿಯ ಗೋಡೆಯಲ್ಲಿ, ಮೊಳೆಗೆ ನೇತು ಹಾಕಿ, ಕೆಂಪು ದಾರ ಕಟ್ಟಿ, "ಕೌನ್ಸೆಲರ್ ಕಪಾಟು" ಅಂತ ಚೀಟಿ ಅಂಟಿಸಿದ್ದು. ಒಂದು ದಿನ ಬಂದು ನೋಡಿದರೆ ಪ್ಯೂನ್ ಕಪಾಟು ತೆರೆದು ಸ್ಟೇಪ್ಲರ್ ಹುಡುಕುತ್ತಿದ್ದಾನೆ. ಪಾಪ, ಅವನ ತಪ್ಪಲ್ಲ. ಫೈಲಿನ ಮೇಲೆ ವಿದ್ಯಾರ್ಥಿಗಳ ಹೆಸರು ದಪ್ಪ ಅಕ್ಷರದಲ್ಲಿ ಬರೆದಿಟ್ಟವಳು ನಾನೇ. ಆಮೇಲೆ ಫೈಲಿಗೆ ಹೆಸರು ಹಾಕುವುದನ್ನು ಬಿಟ್ಟೆ. ಈಗ ಬರಿ ನಂಬರ್, ಯಾವ ನಂಬರ್ ಯಾರದ್ದು ಅನ್ನುವ ಪುಸ್ತಕ ಬೇರೆ ಕಡೆ.

ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಐದನ್ನು ಕೇಳಿ. ಉತ್ತರ ಪತ್ರದಲ್ಲಿ, ಇಲ್ಲದಿದ್ದರೆ ಇಮೇಲ್‌ನಲ್ಲಾದರೂ ಬರಲಿ.

ಮೊದಲನೆಯದು, ಕೋಣೆ ಮತ್ತು ಕಪಾಟಿನ ಕೀಲಿ ನಿಮ್ಮೊಬ್ಬರ ಹತ್ತಿರ ಮಾತ್ರ. ತುರ್ತಿಗೆ ಎರಡನೆಯ ಕೀಲಿ ಬೇಕೇ ಬೇಕು ಅಂದರೆ ಮುದ್ರೆ ಹಾಕಿದ ಲಕೋಟೆಯಲ್ಲಿರಲಿ.

ಎರಡನೆಯದು, ಪ್ರಿನ್ಸಿಪಾಲರಿಗೆ ತಿಂಗಳ ವರದಿಯಲ್ಲಿ ಏನಿರುತ್ತದೆ? ಎಷ್ಟು ಮಂದಿ ಬಂದರು, ಯಾವ ವರ್ಷದವರು, ಯಾವ ಬಗೆಯ ತೊಂದರೆ. ಅಷ್ಟೇ. ಹೆಸರು ಇಲ್ಲ.

ಮೂರನೆಯದು, ನೀವೇ ಪಾಠ ಮಾಡಿ, ನೀವೇ ಅಂಕ ಕೊಟ್ಟು, ನೀವೇ ಕೌನ್ಸೆಲಿಂಗ್ ಮಾಡಿ ಅಂತ ಹೇಳಿದರೆ ಒಪ್ಪಬೇಡಿ. ಉಳಿತಾಯದ ಯೋಚನೆ ಅದು, ಬೇರೇನಲ್ಲ. ಇಂಟರ್ನಲ್ ಅಂಕ ಕೊಡುವವರ ಮುಂದೆ ಯಾವ ಹುಡುಗ ಬಾಯಿ ಬಿಡುತ್ತಾನೆ? ಶಿಸ್ತು ಸಮಿತಿಯಲ್ಲೂ ಕೂರಬೇಡಿ.

ನಾಲ್ಕನೆಯದು, ಸೂಪರ್‌ವಿಷನ್. ಇದು ನಿಮ್ಮ ಮೇಲಧಿಕಾರಿಯ ಉಸ್ತುವಾರಿ ಅಲ್ಲ. ನಿಮಗಿಂತ ಅನುಭವ ಇರುವ, ಕಾಲೇಜಿನ ಹೊರಗಿನ ಒಬ್ಬ ತಜ್ಞರ ಹತ್ತಿರ ನಿಮ್ಮ ಕೇಸುಗಳನ್ನು ಹೆಸರು ಹೇಳದೆ ಚರ್ಚಿಸುವುದು. ಅದಕ್ಕೆ ಸಮಯ ಕೊಡಿ, ಸಾಧ್ಯವಾದರೆ ಖರ್ಚನ್ನೂ ಕೊಡಿ ಅಂತ ಕೇಳಿ. ಖರ್ಚಿಗೆ ಎಷ್ಟೋ ಕಡೆ ಇಲ್ಲ ಅಂತಾರೆ. ಸಮಯವನ್ನಂತೂ ಬಿಡಬೇಡಿ.

ಐದನೆಯದು ದುಡ್ಡು. ಗಂಟೆ ಲೆಕ್ಕವೋ, ತಿಂಗಳಿಗೆ ಒಟ್ಟು ಮೊತ್ತವೋ? ಮೇ ರಜೆಯಲ್ಲಿ ಸಂಬಳ ಇದೆಯಾ? ವಿದ್ಯಾರ್ಥಿ ಬರದೆ ಖಾಲಿ ಹೋದ ಗಂಟೆಗೂ ಇದೆಯಾ? ನಾವು ಇದನ್ನು ಕೇಳುವುದಕ್ಕೆ ನಾಚಿಕೊಳ್ಳುತ್ತೇವೆ. ಅದರಲ್ಲೂ ಎದುರಿಗೆ ಬಿಳಿ ನಿಲುವಂಗಿಯ ಫಾದರ್ ಕೂತಿದ್ದರೆ ದುಡ್ಡಿನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಕೇಳಿ. ಕಟ್ಟಡ ಕಟ್ಟಿಸಿದವರು, ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು.

ಕೀಲಿಯ ವಿಷಯಕ್ಕೆ ಆಡಳಿತದವರು ಮುಖ ಸಿಂಡರಿಸಿದರೆ ಒಂದು ಉಪಾಯ ಹೇಳುತ್ತೇನೆ. ಚರ್ಚಿನ ಸ್ವಂತ ಕಾನೂನಿನಲ್ಲೇ ಇಂಥದೊಂದು ಗೋಡೆ ಇದೆ. 1983ರ ಕ್ಯಾನನ್ ಕಾನೂನಿನ 985ನೇ ವಿಧಿ ಪ್ರಕಾರ ಸೆಮಿನರಿಯ, ಅಂದರೆ ಪಾದ್ರಿಯಾಗುವವರು ಓದುವ ಮನೆಯ, ರೆಕ್ಟರ್ ಅಲ್ಲೇ ಇರುವ ತನ್ನ ವಿದ್ಯಾರ್ಥಿಗಳ ಪಾಪನಿವೇದನೆ, ಅಂದರೆ ಕನ್ಫೆಷನ್, ಕೇಳಬಾರದು. ವಿದ್ಯಾರ್ಥಿ ತಾನಾಗಿ ಬಂದು ಕೇಳಿಕೊಂಡರೆ ಬೇರೆ ಮಾತು. ಒಳಗಿನ ಮಾತು ಕೇಳುವವರು ಬೇರೆ, ಅಧಿಕಾರ ನಡೆಸುವವರು ಬೇರೆ ಇರಬೇಕು ಅಂತ. ಫಾದರ್‌ಗೆ ಇದು ಓದಿನ ದಿನಗಳಿಂದ ಗೊತ್ತಿರುವ ವಿಷಯ. "ನನ್ನ ಕೋಣೆಗೂ ಅದೇ ನಿಯಮ, ಫಾದರ್" ಅಂದರೆ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ ಓದಿ ಹೇಳುವುದಕ್ಕಿಂತ ಬೇಗ ತಲೆಯಾಡಿಸುತ್ತಾರೆ.

5. ಗುಟ್ಟಿನ ಗಡಿಯನ್ನು ಮೊದಲ ಭೇಟಿಯಲ್ಲೇ ಹೇಳಿ

2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕು ಅಂತ ಹೇಳುತ್ತದೆ. ಆದರೆ ಜೀವಕ್ಕೆ ಅಪಾಯ ಇದ್ದಾಗ, ಬೇರೆಯವರಿಗೆ ಹಾನಿಯಾಗುವಂತಿದ್ದಾಗ, ಕೋರ್ಟ್ ಕೇಳಿದಾಗ ಬಾಯಿ ಬಿಡಬಹುದು ಅಂತಲೂ ಹೇಳುತ್ತದೆ.

ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಗೊಂದಲ ಆಗುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಪೊಲೀಸರಿಗೂ ಇಲ್ಲ, ಪೋಪ್‌ಗೂ ಇಲ್ಲ. ನಿಮ್ಮ ಕೋಣೆಯೂ ಹಾಗೇ ಅಂತ ಅವರು ಅಂದುಕೊಂಡು ಬರುತ್ತಾರೆ. ಹಾಗಲ್ಲ ಅಂತ ನೀವೇ ಮೊದಲು ಹೇಳಬೇಕು. ನಾನು ಹೇಳುವುದು ಇಷ್ಟು: "ನೀನು ಹೇಳಿದ್ದು ಈ ಕೋಣೆ ಬಿಟ್ಟು ಹೋಗುವುದಿಲ್ಲ. ನಾಲ್ಕು ವಿಷಯಕ್ಕೆ ಮಾತ್ರ ಹೋಗುತ್ತದೆ. ನಿನ್ನ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ, ಇಲ್ಲವೇ ಕೋರ್ಟ್ ಕೇಳಿದರೆ." ಇದನ್ನು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಹೇಳದೆ ಬಿಟ್ಟರೆ ಆಮೇಲೆ ಅದೇ ಮಗು ನಿಮ್ಮನ್ನು ಮೋಸಗಾರ್ತಿ ಅನ್ನುತ್ತದೆ.

ಮೂರನೆಯ ವಿಷಯ ಯಾಕೆ ಮುಖ್ಯ ಅಂದರೆ, ಮುಂಬೈ, ಪುಣೆಯ ಅನೇಕ ಕಾಲೇಜುಗಳಿಗೆ ಜೂನಿಯರ್ ಕಾಲೇಜು ಅಂಟಿಕೊಂಡಿದೆ. ಹನ್ನೊಂದು, ಹನ್ನೆರಡನೇ ತರಗತಿ. ಅಲ್ಲಿ ಇರುವವರಿಗೆ 16, 17 ವರ್ಷ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. "ಮೇಡಂ, ನಾವಿಬ್ಬರೂ ಇಷ್ಟಪಟ್ಟೇ ಮಾಡಿದ್ದು" ಅಂತ 17ರ ಹುಡುಗಿ ಹೇಳಿದರೂ ಕಾನೂನಿನ ಕಣ್ಣಲ್ಲಿ ಅದು ಒಪ್ಪಿಗೆ ಅಲ್ಲ. ಇದು ಸರಿಯಾ ತಪ್ಪಾ ಅಂತ ನನಗೂ ಅನೇಕ ಸಲ ಅನಿಸಿದೆ. ಆದರೆ ಅವಳು ಬಾಯಿ ಬಿಡುವ ಮೊದಲು ಈ ಗಡಿ ಅವಳಿಗೆ ಗೊತ್ತಿರಬೇಕು, ಅದು ನಮ್ಮ ಕರ್ತವ್ಯ.

ದೊಡ್ಡ ಹೊಂಡ ಇಲ್ಲಿದೆ, ನೋಡಿ ನಡೆಯಿರಿ. ಕ್ಯಾಥೊಲಿಕ್ ಸಂಸ್ಥೆಗಳಿಗೆ ತಮ್ಮದೇ ದೂರು ವ್ಯವಸ್ಥೆ ಇರುತ್ತದೆ. ಪಾದ್ರಿ, ಸಿಸ್ಟರ್‌ಗಳ ಮೇಲಿನ ದೂರನ್ನು ತೆಗೆದುಕೊಳ್ಳಲು ಪ್ರತಿ ಧರ್ಮಪ್ರಾಂತದಲ್ಲೂ ಏರ್ಪಾಡು ಇರಬೇಕು ಅಂತ ಪೋಪ್ ಫ್ರಾನ್ಸಿಸ್ 2019ರಲ್ಲಿ ನಿಯಮ ತಂದರು. ಒಳ್ಳೆಯದೇ. ಆದರೆ "ಫಾದರ್‌ಗೆ ಹೇಳಿದೆ, ನನ್ನ ಕೆಲಸ ಆಯ್ತು" ಅಂತ ಕೂರಬೇಡಿ. ಆ ದಾರಿ ಬೇರೆ, ಪೋಕ್ಸೊ ದಾರಿ ಬೇರೆ. ಒಂದು ಹಿಡಿದರೆ ಇನ್ನೊಂದು ತಪ್ಪುವುದಿಲ್ಲ. "ಮೊದಲು ನಾವೇ ವಿಚಾರಿಸುತ್ತೇವೆ, ಆಮೇಲೆ ಪೊಲೀಸ್" ಅಂತ ಯಾರೇ ಅಂದರೂ ಕಾಯಬೇಡಿ. ನೀವು ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ ತಿಳಿಸಿದಿರಿ ಅಂತ ಬರೆದಿಡಿ.

6. ಚರ್ಚಿನ ಮಾತು, ನಿಮ್ಮ ಮಾತು

ಈಗ ಆ ಮೂರನೇ ಪ್ರಶ್ನೆ. ಗರ್ಭಪಾತವನ್ನು ಕ್ಯಾಥೊಲಿಕ್ ಚರ್ಚ್ ಒಪ್ಪುವುದಿಲ್ಲ. ನಮ್ಮ ದೇಶದ ಕಾನೂನು ಷರತ್ತಿನ ಮೇಲೆ ಒಪ್ಪುತ್ತದೆ. 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೂ ಅವಕಾಶ ಇದೆ, ಆಗ ಇಬ್ಬರು ವೈದ್ಯರು ಬೇಕು. ಮದುವೆಯಾಗದವರಿಗೂ ಇದೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. 18 ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು. ತುಂಬದಿದ್ದರೆ ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಪೋಕ್ಸೊ.

ಇದರಲ್ಲಿ ನಿಮ್ಮ ಕೆಲಸ ಎಷ್ಟು? ಮಾಡಿಸು ಅನ್ನುವುದೂ ಅಲ್ಲ, ಬೇಡ ಅನ್ನುವುದೂ ಅಲ್ಲ. ಅವಳು ಉಸಿರು ಬಿಟ್ಟು ಯೋಚಿಸುವಷ್ಟು ಜಾಗ ಮಾಡಿಕೊಡುವುದು, ಡಾಕ್ಟರ ಹತ್ತಿರ ಬೇಗ ಕಳಿಸುವುದು. ವಾರ ಕಳೆದಷ್ಟೂ ದಾರಿ ಕಿರಿದಾಗುತ್ತದೆ. ಸಂದರ್ಶನದಲ್ಲೇ ನಾನು ಕೇಳಿಬಿಡುತ್ತೇನೆ: "ವಿದ್ಯಾರ್ಥಿನಿ ಕಾನೂನು ಏನು ಹೇಳುತ್ತದೆ ಅಂತ ಕೇಳಿದರೆ ನಾನು ಹೇಳುತ್ತೇನೆ. ನಿಮಗೆ ಅಡ್ಡಿ ಇದೆಯಾ?" ನಾನು ಕೇಳಿದವರಲ್ಲಿ ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಪ್ರಚಾರ ಮಾಡದಿದ್ದರೆ ಸಾಕು" ಅಂದಿದ್ದಾರೆ. ಅದು ಸರಿಯಾದ ಒಪ್ಪಂದ. ಮಾಹಿತಿಯನ್ನೇ ಮುಚ್ಚಿಡಬೇಕು ಅನ್ನುವ ಷರತ್ತು ಬಂದರೆ ನಾನು ಸಹಿ ಹಾಕುವುದಿಲ್ಲ. ನೀವೂ ಹಾಕಬೇಡಿ.

ಹುಡುಗ ಹುಡುಗನನ್ನು, ಹುಡುಗಿ ಹುಡುಗಿಯನ್ನು ಇಷ್ಟಪಡುವ ವಿಷಯ. 2018ರ ಸೆಪ್ಟೆಂಬರ್ 6ರಿಂದ ವಯಸ್ಕರ ನಡುವೆ ಇದು ಅಪರಾಧ ಅಲ್ಲ. ಚರ್ಚ್ ಸಂಬಂಧವನ್ನು ಒಪ್ಪುವುದಿಲ್ಲ, ನಿಜ. ಆದರೆ ಕ್ಯಾಟಿಕಿಸಂ, ಅಂದರೆ ಚರ್ಚಿನ ಅಧಿಕೃತ ಬೋಧನೆಯ ಕೈಪಿಡಿ, ಇಂಥವರನ್ನು ಗೌರವದಿಂದ, ಕರುಣೆಯಿಂದ, ಸೂಕ್ಷ್ಮವಾಗಿ ನಡೆಸಿಕೊಳ್ಳಬೇಕು ಅಂತ 2358ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಗಲಾಟೆ ಮಾಡುವ ಪೋಷಕರ ಎದುರು, ಹಿಂಜರಿಯುವ ಆಡಳಿತದ ಎದುರು ಈ ನಂಬರ್ ಕೆಲಸಕ್ಕೆ ಬರುತ್ತದೆ. "ಸ್ವಲ್ಪ ಸರಿ ಮಾಡಿ ಕೊಡಿ ಮೇಡಂ" ಅಂತ ಬರುವವರಿಗೆ ಆಗಲ್ಲ ಅಂತ ನೇರವಾಗಿ ಹೇಳಿ. ಹಾಗೆ "ಸರಿ ಮಾಡಲು" ಹೊರಡುವುದು ಡಾಕ್ಟರುಗಳಿಗೆ ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ನಮಗೂ ಅದೇ ಅಳತೆ.

ಆತ್ಮಹತ್ಯೆಯ ಯೋಚನೆ ಇರುವ ಕ್ಯಾಥೊಲಿಕ್ ವಿದ್ಯಾರ್ಥಿ, ಅದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಯಾರನ್ನಾದರೂ ಹಾಗೆ ಕಳೆದುಕೊಂಡ ವಿದ್ಯಾರ್ಥಿ, ನರಕದ ಭಯ ಹೊತ್ತು ಬರುತ್ತಾರೆ. ಅಜ್ಜಿ ಹೇಳಿದ್ದು, ಊರವರು ಹೇಳಿದ್ದು. ಅದೇ ಕ್ಯಾಟಿಕಿಸಂನ 2282, 2283ನೇ ಪರಿಚ್ಛೇದ ತೆರೆದರೆ ಬೇರೆ ಮಾತಿದೆ. ತೀವ್ರ ಮಾನಸಿಕ ತೊಂದರೆ ಆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತದೆ, ಅವರ ಮೋಕ್ಷದ ಬಗ್ಗೆ ಆಸೆ ಬಿಡಬಾರದು ಅಂತ. 1983ರ ಕ್ಯಾನನ್ ಕಾನೂನಿನಲ್ಲಿ ಚರ್ಚಿನ ಅಂತ್ಯಸಂಸ್ಕಾರ ನಿರಾಕರಿಸುವವರ ಪಟ್ಟಿಯಿಂದಲೂ ಇವರನ್ನು ಬಿಟ್ಟಿದ್ದಾರೆ. ಇದನ್ನು ನೀವು ಬೋಧಿಸಬೇಡಿ, ಅದು ನಿಮ್ಮ ಕೆಲಸ ಅಲ್ಲ. ಕಾಲೇಜಿನ ಚ್ಯಾಪ್ಲಿನ್, ಅಂದರೆ ವಿದ್ಯಾರ್ಥಿಗಳ ಆಧ್ಯಾತ್ಮಿಕ ಜವಾಬ್ದಾರಿ ಇರುವ ಪಾದ್ರಿ, ಇರುತ್ತಾರಲ್ಲ, ವಿದ್ಯಾರ್ಥಿ ಒಪ್ಪಿದರೆ ಅವರ ಹತ್ತಿರ ಕಳಿಸಿ. ಒಳ್ಳೆಯ ಚ್ಯಾಪ್ಲಿನ್ ಇದ್ದರೆ ನಿಮ್ಮ ಅರ್ಧ ಭಾರ ಇಳಿದಂತೆ. ಆದರೆ ದಾರಿ ಎರಡೂ ಕಡೆ ಇರಲಿ. ಎಲ್ಲದಕ್ಕೂ "ಜಪಮಾಲೆ ಹೇಳು, ಹೋಗುತ್ತೆ" ಅನ್ನುವವರಾದರೆ, ಯಾವ ಲಕ್ಷಣ ಕಂಡರೆ ನಿಮ್ಮ ಹತ್ತಿರ ಕಳಿಸಬೇಕು ಅಂತ ಒಂದು ಚಹಾ ಕುಡಿಯುತ್ತಾ ಹೇಳಿಕೊಡಿ. ಎರಡು ವಾರ ನಿದ್ದೆ ಇಲ್ಲ, ಊಟ ಇಲ್ಲ, ಸಾಯುವ ಮಾತು. ಈ ಮೂರು ಸಾಕು.

7. ತುರ್ತು ಬರುವ ಮೊದಲೇ ತುರ್ತಿನ ಪಟ್ಟಿ

ಮೊದಲ ವಾರದಲ್ಲೇ ಹತ್ತಿರದ ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಖುದ್ದು ಹೋಗಿ ಬನ್ನಿ. ಮುಂಬೈಯಲ್ಲಾದರೆ ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆ, ಜೆ.ಜೆ. ಪುಣೆಯಲ್ಲಿ ಸಸೂನ್. ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ಮನೋರೋಗ ಆಸ್ಪತ್ರೆಯಾದ ಐಪಿಎಚ್‌ಬಿ. ಕೇಸ್ ಪೇಪರ್ ಯಾವ ಕಿಟಕಿಯಲ್ಲಿ, ಒಪಿಡಿ ಯಾವ ಮಹಡಿಯಲ್ಲಿ, ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ನೋಡಿಕೊಳ್ಳಿ. ನಡುಗುವ ಹುಡುಗನನ್ನು ಕರೆದುಕೊಂಡು ಹೋದ ದಿನ ಕಿಟಕಿ ಹುಡುಕುತ್ತಾ ನಿಲ್ಲಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬಾಗಿಲ ಹೊರಗೇ ಅಂಟಿಸಿ. ದಿನದ 24 ಗಂಟೆಯೂ ಇದೆ, ಕಾಸು ಬೇಡ, ಕನ್ನಡದಲ್ಲೂ ಮಾತಾಡಬಹುದು.

ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಎಷ್ಟಿದೆ ಅಂತ ನೋಡುವ ಒಂದು ಪುಟದ ಪ್ರಶ್ನಾವಳಿ ನಿಮಗೆ ಗೊತ್ತಿರುತ್ತದೆ. ಕಳೆದ ಎರಡು ವಾರದಲ್ಲಿ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೂರಿಸಿ ವಿವರವಾಗಿ ಮಾತಾಡಬೇಕು. ಒಂಬತ್ತನೆಯ ಪ್ರಶ್ನೆ ಸತ್ತರೆ ಒಳ್ಳೆಯದು ಅನಿಸುವ ಬಗ್ಗೆ. ಹೊಸ ಕೌನ್ಸೆಲರ್‌ಗಳು ಉತ್ಸಾಹದಲ್ಲಿ ಇದನ್ನು ಇಡೀ ತರಗತಿಗೆ ಶುಕ್ರವಾರ ಮಧ್ಯಾಹ್ನ ಹಂಚಿ, ಕಟ್ಟು ಕಟ್ಟಿ ಕಪಾಟಿನಲ್ಲಿಟ್ಟು, ಲೋಕಲ್ ಹಿಡಿದು ಮನೆಗೆ ಹೋಗುತ್ತಾರೆ. ಆ ಕಟ್ಟಿನೊಳಗೆ ಒಬ್ಬರು ಒಂಬತ್ತನೆಯದಕ್ಕೆ 3 ಹಾಕಿರುತ್ತಾರೆ. ಸೋಮವಾರದವರೆಗೆ ಅದನ್ನು ಯಾರೂ ನೋಡುವುದಿಲ್ಲ. ಅದೇ ದಿನ ಕೂತು ಎಲ್ಲ ಹಾಳೆಯ ಒಂಬತ್ತನೇ ಸಾಲು ನೋಡುವ ಶಕ್ತಿ ಇದ್ದರೆ ಮಾತ್ರ ಹಂಚಿ. ಮೊತ್ತ 6 ಇದ್ದರೂ ಒಂಬತ್ತನೆಯದು 1 ಇದ್ದರೆ ಕರೆದು ಮಾತಾಡಿ.

ಆತ್ಮಹತ್ಯೆಗೆ ಪ್ರಯತ್ನ ಮಾಡಿ ಉಳಿದವರ ಮನೆಯವರಿಗೆ ಪೊಲೀಸ್ ಕೇಸಿನ ಭಯ. ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ ಬರೆಯುತ್ತಾರೆ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ. ಅದು ಅಪರಾಧ ಪಟ್ಟಿ ಅಲ್ಲ ಅಂತ ಮನೆಯವರಿಗೆ ಬಿಡಿಸಿ ಹೇಳಿ.

8. ವರ್ಷದ ಲೆಕ್ಕ

ಜೂನ್, ಜುಲೈಯಲ್ಲಿ ನಿಮ್ಮ ಹತ್ತಿರ ಬರುವವರು ಊರು ಬಿಟ್ಟು ಬಂದವರು. ಪರೀಕ್ಷೆ ಹತ್ತಿರ ಬಂದಾಗ ಹಾಜರಿ ಕಡಿಮೆ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ. ಆ ವಾರ ನಿಮ್ಮ ಬಾಗಿಲಲ್ಲಿ ಸಾಲು. ಎಲ್ಲರಿಗೂ ಒಂದೇ ಬೇಡಿಕೆ, "ಡಿಪ್ರೆಷನ್ ಇತ್ತು ಅಂತ ಒಂದು ಲೆಟರ್ ಕೊಡಿ ಮೇಡಂ." ಕಾಯಿಲೆಯ ಪ್ರಮಾಣಪತ್ರ ಡಾಕ್ಟರ್ ಕೊಡುವುದು. ನೀವು ಕೊಡಬಹುದಾದ್ದು "ಇಂಥ ದಿನಗಳಲ್ಲಿ ಇವರು ಭೇಟಿಗೆ ಬಂದಿದ್ದರು" ಅನ್ನುವ ಒಂದು ಸಾಲು, ಅದೂ ಅವರ ಲಿಖಿತ ಒಪ್ಪಿಗೆ ಮೇಲೆ. ಒಬ್ಬರಿಗೆ ಸುಳ್ಳು ಪತ್ರ ಕೊಟ್ಟರೆ ಸಂಜೆಯೊಳಗೆ ಕ್ಯಾಂಟೀನಿನಲ್ಲಿ ಸುದ್ದಿ.

ಫಲಿತಾಂಶದ ಸಮಯಕ್ಕೆ ಎಟಿಕೆಟಿ. ಕೆಲವು ವಿಷಯ ಉಳಿಸಿಕೊಂಡೇ ಮುಂದಿನ ತರಗತಿಗೆ ಹೋಗಲು ಬಿಡುವ ವ್ಯವಸ್ಥೆ ಅದು. ಹುಡುಗರು "ಕೆಟಿ ಬಿತ್ತು" ಅಂತಾರೆ. ಮನೆಯಲ್ಲಿ ಮಾತ್ರ ಪಾಸು ಅಂತ ಹೇಳಿರುತ್ತಾರೆ. ಅಳು ಜಾಸ್ತಿ ಬರುವುದು ಕೆಟಿಗಲ್ಲ, ಆ ಸುಳ್ಳಿಗೆ.

ಕಲಿಕೆಯ ತೊಂದರೆ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಸಿಗಬಹುದು. ಅದಕ್ಕೆ ಸರ್ಕಾರ ಒಪ್ಪಿದ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ. ಜುಲೈಯಲ್ಲೇ ಶುರು ಮಾಡಿಸಿ.

9. ಕನ್ನಡ ಎಲ್ಲಿ ಕೆಲಸಕ್ಕೆ ಬರುತ್ತದೆ

ನಿಮ್ಮ ಅರ್ಜಿಯಲ್ಲಿ ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಕೊನೆಗೆ ಹಾಕಬೇಡಿ. ಹೋಟೆಲ್ ಕೆಲಸಕ್ಕೆ ಬಂದ ಕುಂದಾಪುರದವರ ಮಕ್ಕಳು, ವಾಸ್ಕೋದ ಝುವಾರಿನಗರದಲ್ಲಿ ನೆಲೆಸಿದ ಉತ್ತರ ಕರ್ನಾಟಕದವರ ಮಕ್ಕಳು ಈ ಕಾಲೇಜುಗಳಲ್ಲಿದ್ದಾರೆ. ಮಂಗಳೂರು ಮೂಲದ ಕ್ಯಾಥೊಲಿಕರ ಮನೆಗಳಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಓದುವ ಅಜ್ಜ ಅಜ್ಜಿಯರಿದ್ದಾರೆ. ವಿದ್ಯಾರ್ಥಿ ನಿಮ್ಮ ಹತ್ತಿರ ಹಿಂದಿ, ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಕನ್ನಡ ಬೇಕಾಗುವುದು ಅಮ್ಮ ಬಂದಾಗ.

"ತಲೆ ಕೆಟ್ಟಿದೆಯಾ ಮೇಡಂ ನನ್ನ ಮಗಳಿಗೆ?" ಅಂತ ಕೇಳುತ್ತಾರೆ ಅವರು. ಡಿಪ್ರೆಷನ್ ಅಂದರೆ ಹೆದರುತ್ತಾರೆ, ಖಿನ್ನತೆ ಅಂದರೆ ಅರ್ಥವಾಗುವುದಿಲ್ಲ. "ಮನಸ್ಸಿಗೆ ಸುಸ್ತಾಗಿದೆ, ಅಮ್ಮ. ಜ್ವರ ಬಂದರೆ ಮೈಗೆ ಸುಸ್ತಾಗುತ್ತಲ್ಲ, ಹಾಗೆ. ಔಷಧ ಇದೆ" ಅಂದರೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಮದುವೆಗೆ ತೊಂದರೆ ಆಗಲ್ಲ ತಾನೇ?" ಅಂತ ಮುಂದಿನ ಪ್ರಶ್ನೆ. ಅದಕ್ಕೂ ತಾಳ್ಮೆಯಿಂದ ಉತ್ತರ ಕೊಡಿ. ಮಗಳು ಏನು ಹೇಳಿದಳು ಅಂತ ಮಾತ್ರ ಹೇಳಬೇಡಿ. ಊರವರು ಅನ್ನುವ ಸಲಿಗೆಯಲ್ಲಿ ಬಾಯಿ ಜಾರುವುದು ಇಲ್ಲೇ. ಕನ್ನಡದ ವಿದ್ಯಾರ್ಥಿನಿ ಮೂರನೇ ಭೇಟಿಗೆ ನಿಮ್ಮನ್ನು "ಅಕ್ಕ" ಅನ್ನಲು ಶುರು ಮಾಡುತ್ತಾಳೆ. ಅನ್ನಲಿ. ಆದರೆ ಸಂಘದ ಕಾರ್ಯಕ್ರಮದಲ್ಲಿ ಅವಳ ಅಪ್ಪ ಸಿಕ್ಕರೆ ನೀವು ಅವಳನ್ನು ಗುರುತೇ ಇಲ್ಲದವರ ಹಾಗೆ ಇರಬೇಕು. ಹಾಗೆ ಇರುತ್ತೇನೆ ಅಂತ ಅವಳಿಗೆ ಮುಂಚೆಯೇ ಹೇಳಿರಿ.

10. ಕೆಲಸ ಬಿಡುವಾಗ

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಒಂದು ತಿಂಗಳು ಮೊದಲೇ ನಿಮ್ಮ ವಿದ್ಯಾರ್ಥಿಗಳಿಗೆ ತಿಳಿಸಿ. ಮುಂದೆ ಬರುವವರಿಗೆ ತಮ್ಮ ಫೈಲ್ ಕೊಡಬಹುದಾ ಅಂತ ಒಬ್ಬೊಬ್ಬರನ್ನೂ ಕೇಳಿ, ಸಹಿ ತಗೊಳ್ಳಿ. ಬೇಡ ಅಂದವರ ಫೈಲನ್ನು ಏನು ಮಾಡಬೇಕು, ಎಷ್ಟು ವರ್ಷ ಇಡಬೇಕು ಅನ್ನುವುದು ಕಾಲೇಜಿನ ನೀತಿಯಲ್ಲಿ ಇರಬೇಕು. ಇಲ್ಲದಿದ್ದರೆ ಹೊರಡುವ ಮೊದಲು ನೀವೇ ಎರಡು ಸಾಲು ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿ. ಹೊಸಬರು ಇನ್ನೂ ಬಂದಿಲ್ಲ ಅಂದರೆ ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಲಕೋಟೆಗೆ ಹಾಕಿ, ಅಂಟಿಸಿದ ಕಡೆ ನಿಮ್ಮ ಸಹಿ, ತಾರೀಖು ಹಾಕಿ ಕೊಡಿ. ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ. ಆ ಮೊಳೆಗೆ ಮಾತ್ರ ನೇತು ಹಾಕಬೇಡಿ.